ಓದುಗರ ಪ್ರಶ್ನೆ, ನಮ್ಮ ಉತ್ತರ: ಬೊಗೊಟಾದಲ್ಲಿ ಒಂದು ಹಗಲು

ಪ್ರಶ್ನೆ: ಮಗಳ ಮನೆಗೆಂದು ಪೆರುವಿನ ಲಿಮಾಕ್ಕೆ ಹೊರಟಿದ್ದೇವೆ. ದಾರಿಯಲ್ಲಿ ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ ಬೆಳಗಿನ ಐದೂವರೆಗೆ ಇಳಿದು, ರಾತ್ರಿ ಹತ್ತಕ್ಕೆ ಮುಂದಿನ ವಿಮಾನ. ಮೊನ್ಸೆರಾತೆ ಬೆಟ್ಟ, ಚಿನ್ನದ ಮ್ಯೂಸಿಯಂ, ಸಿಪಾಕಿರಾದ ಉಪ್ಪಿನ ಗಣಿಯೊಳಗಿನ ಚರ್ಚು, ಮೂರೂ ಆಗುತ್ತವೆಯೇ? ಯಾವ ವಾರ ಒಳ್ಳೆಯದು?
– ಒಬ್ಬ ಓದುಗರು, ಡೊಂಬಿವಲಿ

ಉತ್ತರ: ಮೊದಲೆರಡು ಆಗುತ್ತವೆ, ಮೂರನೆಯದನ್ನು ಬಿಡಿ. ಸಿಪಾಕಿರಾ ಇರುವುದು ಬೊಗೊಟಾದಿಂದ ಉತ್ತರಕ್ಕೆ ಸುಮಾರು 50 ಕಿ.ಮೀ. ಬೊಗೊಟಾದ ಟ್ರಾಫಿಕ್ಕಿನಲ್ಲಿ ಹೋಗಿಬರುವುದಕ್ಕೇ ಅರ್ಧ ಹಗಲು ಬೇಕು. ಹಳೆಯ ಪೇಟೆಯಾದ ಲಾ ಕಂದೆಲಾರಿಯಾ ಮತ್ತು ಅದರ ಮೇಲಿನ ಬೆಟ್ಟ, ಇಷ್ಟನ್ನೇ ನಿಧಾನವಾಗಿ ನೋಡಿದರೆ ದಿನ ಸಾರ್ಥಕ.

ವಾರ ಮುಖ್ಯ. ಸೋಮವಾರ ಚಿನ್ನದ ಮ್ಯೂಸಿಯಂ ಮುಚ್ಚಿರುತ್ತದೆ, ಮಂಗಳವಾರ ಹತ್ತಿರದ ಕಲಾಸಂಗ್ರಹಾಲಯ ಬೊತೆರೊ ಮ್ಯೂಸಿಯಂ. ಭಾನುವಾರ ಚಿನ್ನದ ಮ್ಯೂಸಿಯಂಗೆ ಪ್ರವೇಶ ಉಚಿತ, ಹಾಗಾಗಿ ನೂಕುನುಗ್ಗಲು; ಬೆಟ್ಟದ ಮೇಲಿನ ಚರ್ಚಿಗೂ ಭಕ್ತರ ಸಾಲು. ಬುಧವಾರದಿಂದ ಶನಿವಾರದೊಳಗೆ ಟಿಕೆಟ್ ಮಾಡಿಸಿ.

ವಿಮಾನ ನಿಲ್ದಾಣದಿಂದ ಹೊರಗೆ ಬರಲು ಎರಡು ಗಂಟೆ ಹಿಡಿಯಿರಿ. ಅಲ್ಲಿಂದ ಟ್ಯಾಕ್ಸಿಯಲ್ಲಿ ನೇರ ಮೊನ್ಸೆರಾತೆಯ ಬುಡಕ್ಕೆ. ಬೆಟ್ಟ ಮೊದಲು ಯಾಕೆಂದರೆ, ಬೆಳಗ್ಗೆ ಆಕಾಶ ತಿಳಿಯಾಗಿರುವ ಸಂಭವ ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ಮೋಡ ಕವಿದರೆ ಮೇಲೆ ಹತ್ತಿಯೂ ಬಿಳಿ ಮಂಜಲ್ಲದೆ ಏನೂ ಕಾಣದು. ಹತ್ತಲು 1929ರಿಂದ ಹಳಿಯ ಮೇಲೆ ಹಗ್ಗದಿಂದ ಎಳೆಯುವ ಗಾಡಿ ಫ್ಯುನಿಕ್ಯುಲರ್, 1955ರಿಂದ ಕೇಬಲ್ ಕಾರು ಇವೆ. ಆ ಹೊತ್ತಿಗೆ ಯಾವುದು ಓಡುತ್ತಿದೆಯೋ ಅದನ್ನು ಹತ್ತಿ. ಮೆಟ್ಟಿಲ ದಾರಿ ಬೇಡ. ಮೇಲೆ ಒಂದು ಗಂಟೆ ಸಾಕು. ಇಳಿದ ಮೇಲೆ ಪೇಟೆಗೆ ನಡೆದು ಹೋಗುವಷ್ಟೇ ದೂರವೆನಿಸಿದರೂ ಟ್ಯಾಕ್ಸಿ ಹಿಡಿಯಿರಿ. ಜನ ಕಡಿಮೆ ಇರುವ ಆ ತುಂಡು ರಸ್ತೆಯಲ್ಲಿ ಫೋನು, ಚೀಲ ಕಿತ್ತುಕೊಳ್ಳುವುದುಂಟು.

ಚಿನ್ನದ ಮ್ಯೂಸಿಯಂ ಒಂಬತ್ತಕ್ಕೆ ತೆರೆಯುತ್ತದೆ. ಎರಡು ಗಂಟೆ ಇದಕ್ಕೇ ಇಡಿ, ಅರ್ಧ ಗಂಟೆಯಲ್ಲಿ ಓಡಿ ಮುಗಿಸುವ ಜಾಗ ಇದಲ್ಲ. ಅಲ್ಲಿನ ಮೂಲನಿವಾಸಿಗಳಾದ ಮುಯಿಸ್ಕಾ ಜನರ ಚಿನ್ನದ ಪುಟ್ಟ ತೆಪ್ಪದ ಮುಂದೆ ನಿಲ್ಲದೆ ಬರಬೇಡಿ. ಉದ್ದ ಬರೀ 19.5 ಸೆಂ.ಮೀ., ಅಂಗೈಯಿಂದ ಬೆರಳ ತುದಿಯವರೆಗಿನಷ್ಟು. ನಡುವೆ ಎತ್ತರದ ನಾಯಕ, ಸುತ್ತ ಸಣ್ಣ ಸಣ್ಣ ಆಳುಗಳು, ಎಲ್ಲವೂ ತಂತಿಯೆಳೆದಂತೆ ತೆಳು. ಬೆಸುಗೆ ಹಾಕಿದ್ದಲ್ಲ, ಮೇಣದಲ್ಲಿ ಇಡೀ ರೂಪ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು ಲೋಹ ಹೊಯ್ದ ಎರಕ. ನಮ್ಮ ಪಂಚಲೋಹದ ವಿಗ್ರಹಗಳ ಕ್ರಮವೂ ಇದೇ. 1969ರಲ್ಲಿ ಪಾಸ್ಕಾ ಎಂಬ ಊರಿನ ಗುಹೆಯೊಂದರಲ್ಲಿ ಮಣ್ಣಿನ ಪಾತ್ರೆಯೊಳಗೆ ಸಿಕ್ಕಿತು. ಮೈಗೆ ಚಿನ್ನದ ಪುಡಿ ಬಳಿದುಕೊಂಡ ನಾಯಕ ಗ್ವಾತಾವಿತಾ ಸರೋವರದ ನಡುವೆ ಕಾಣಿಕೆ ಬಿಡುತ್ತಿದ್ದನೆಂಬ 'ಎಲ್ ದೊರಾದೊ' ಕಥೆಯ ಜೊತೆ ಇದನ್ನು ಸೇರಿಸಿ ಹೇಳುತ್ತಾರೆ. ಮೂರನೇ ಮಹಡಿಯಲ್ಲಿ ಕಾಣಿಕೆಯ ಕೋಣೆ ಇದೆ: ಬಾಗಿಲು ಮುಚ್ಚಿ ಪೂರ್ತಿ ಕತ್ತಲಾಗುತ್ತದೆ, ಆಮೇಲೆ ಸುತ್ತಲ ಚಿನ್ನದ ಮೇಲೆ ನಿಧಾನವಾಗಿ ಬೆಳಕು ಏರುತ್ತದೆ. ಬಾಗಿಲು ಮುಚ್ಚಿದ್ದರೆ ಕೆಲವು ನಿಮಿಷ ಕಾದು ಒಳಹೋಗಿ.

ಊಟದ ನಂತರ, ಮಳೆ ಹನಿಯುವ ಹೊತ್ತಿಗೆ, ಬೊತೆರೊ ಮ್ಯೂಸಿಯಂ ಸರಿ, ಪ್ರವೇಶ ಉಚಿತ. ಕಲಾವಿದ ಫರ್ನಾಂದೊ ಬೊತೆರೊ 2000ದಲ್ಲಿ ಕೊಟ್ಟ 208 ಕೃತಿಗಳಲ್ಲಿ 123 ಅವರವೇ, ಉಳಿದವು ಪಿಕಾಸೊ, ಮೊನೆ ಮುಂತಾದವರವು. ಅಲ್ಲಿಂದ ಮೂರು ಅಡ್ಡರಸ್ತೆ ಕೆಳಗೆ ಬೊಲಿವಾರ್ ಚೌಕ. ನಾಲ್ಕಕ್ಕೆಲ್ಲ ಹೊರಡಿ. ವಿಮಾನ ನಿಲ್ದಾಣ 15 ಕಿ.ಮೀ. ಮಾತ್ರ, ಆದರೆ ಸಂಜೆಯ ಟ್ರಾಫಿಕ್ಕಿನಲ್ಲಿ ಅದು ಅಂಧೇರಿ ದಾಟಿದ ಹಾಗೆ.

ಪ್ರಶ್ನೆ: ಊಟ? ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ.
– ಓದುಗರು, ಮಾಟುಂಗಾ

ಉತ್ತರ: 'ಕಾರ್ನೆ (ಮಾಂಸ) ಬೇಡ' ಎಂದರೆ ಅಲ್ಲಿ ಗೋಮಾಂಸ, ಹಂದಿ ಬೇಡ ಎಂದಷ್ಟೇ ತಿಳಿಯಬಹುದು, ಕೋಳಿ ಬಡಿಸಿಬಿಡುತ್ತಾರೆ. 'ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಹುಯೆವೊ' (ಮಾಂಸ, ಕೋಳಿ, ಮೀನು, ಮೊಟ್ಟೆ ಇಲ್ಲದೆ) ಎಂದು ಚೀಟಿಯಲ್ಲಿ ಬರೆಸಿಕೊಂಡು ತೋರಿಸಿ. ಸೂಪುಗಳನ್ನು ನಂಬಬೇಡಿ. ಊರಿನ ಹೆಸರಾಂತ ಅಹಿಯಾಕೊ ಮೂರು ಬಗೆಯ ಆಲೂಗಡ್ಡೆಯ ಸೊಗಸಾದ ಸೂಪು, ಆದರೆ ಕುದಿಯುವುದು ಕೋಳಿಯ ಜೊತೆ. ಹುರುಳಿಯಂಥ ಕೆಂಪು ಕಾಳಿಗೂ ಹಂದಿ ಸೇರಿರುವುದುಂಟು. ಚೀಸ್ ಹಾಕಿದ ಮೆಕ್ಕೆಜೋಳದ ರೊಟ್ಟಿ ಅರೇಪಾ, ಬಾಳೆಕಾಯಿ ಕರಿದ ಪತಕೋನ್, ಬಿಸಿ ಚಾಕೊಲೇಟ್‌ಗೆ ಚೀಸ್ ತುಂಡು ಮುಳುಗಿಸಿ ತಿನ್ನುವ ಕ್ರಮ, ಲುಲೊ ಹಣ್ಣಿನ ರಸ, ಇವು ಸಿಗುತ್ತವೆ. ಬ್ರೆಡ್, ಚೀಸ್ ಬನ್ನಿನಂಥ ಪಾಂದೆಬೊನೊಗಳಲ್ಲಿ ಮೊಟ್ಟೆ ಇರಬಹುದು, ಕೇಳಿ ತಿನ್ನಿ. ಮುಂಬಯಿಯಿಂದ ಚಪಾತಿ, ಚಟ್ನಿಪುಡಿ ಒಯ್ದರೆ ನಿಶ್ಚಿಂತೆ.

ಪ್ರಶ್ನೆ: ಅಲ್ಲಿನ ವಿಳಾಸಗಳೆಲ್ಲ ಬರೀ ಅಂಕಿ. ಓದುವುದು ಹೇಗೆ?
– ಓದುಗರು, ವಾಸ್ಕೊ

ಉತ್ತರ: ಒಮ್ಮೆ ತಿಳಿದರೆ ಪಣಜಿಯ ಓಣಿಗಳಿಗಿಂತ ಸುಲಭ. ಬೆಟ್ಟ ಯಾವಾಗಲೂ ಪೂರ್ವಕ್ಕೆ. ಬೆಟ್ಟದತ್ತ ಏರುವ ರಸ್ತೆ 'ಕಾಯೆ', ಬೆಟ್ಟಕ್ಕೆ ಸಮಾನಾಂತರವಾಗಿ ಹೋಗುವುದು 'ಕರೇರಾ'. ಪೇಟೆಯಲ್ಲಿ ಉತ್ತರಕ್ಕೆ ಹೋದಷ್ಟೂ ಕಾಯೆಯ ಅಂಕಿ, ಪಶ್ಚಿಮಕ್ಕೆ ಹೋದಷ್ಟೂ ಕರೇರಾದ ಅಂಕಿ ಏರುತ್ತದೆ. ಬೊತೆರೊ ಮ್ಯೂಸಿಯಂ ವಿಳಾಸ 'ಕಾಯೆ 11, 4-41': 11ನೇ ಕಾಯೆಯಲ್ಲಿ, 4ನೇ ಕರೇರಾದ ಮೂಲೆಯಿಂದ ಸುಮಾರು 41 ಮೀಟರ್.

ಪ್ರಶ್ನೆ: ತಂದೆಗೆ 68, ಬಿ.ಪಿ. ಇದೆ. ಎತ್ತರದ ಊರು ತೊಂದರೆಯೇ? ಹಳದಿ ಜ್ವರದ ಲಸಿಕೆ ನಿಜಕ್ಕೂ ಬೇಕೇ?
– ಓದುಗರು, ಚಿಂಚವಡ, ಪುಣೆ

ಉತ್ತರ: ಬೊಗೊಟಾ ಸುಮಾರು 2,640 ಮೀಟರ್ ಎತ್ತರದಲ್ಲಿದೆ, ಮೊನ್ಸೆರಾತೆ 3,152. ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲು. ತಲೆನೋವು, ಏದುಸಿರು ಸಾಮಾನ್ಯ. ನಿಧಾನ ನಡೆದು, ನೀರು ಕುಡಿದು, ಮದ್ಯ ಬಿಟ್ಟರೆ ಬಹುತೇಕರಿಗೆ ತೊಂದರೆಯಿಲ್ಲ. ಹೃದಯ, ಶ್ವಾಸಕೋಶದ ಕಾಯಿಲೆ ಇದ್ದರೆ ಬೆಟ್ಟ ಬಿಡಿ, ಮಾತ್ರೆಗಳ ಬಗ್ಗೆ ವೈದ್ಯರನ್ನೇ ಕೇಳಿ. ಚಳಿಯೆಂದು ಮೋಸಹೋಗಬೇಡಿ, ಬಿಸಿಲು ಚುರುಕು. ಟೋಪಿ, ಸ್ವೆಟರ್, ಕೊಡೆ ಮೂರೂ ಬೇಕು.

ಲಸಿಕೆಯದು ಜನ ಎಡವುವ ಜಾಗ. ಅಷ್ಟು ಎತ್ತರದ ಬೊಗೊಟಾದಲ್ಲಿ ಹಳದಿ ಜ್ವರ ಹರಡುವ ಸೊಳ್ಳೆಯ ಭಯವಿಲ್ಲ, ನಿಜ. ಆದರೆ ಭಾರತದ ನಿಯಮ ನೋಡುವುದು ದೇಶವನ್ನು, ಊರನ್ನಲ್ಲ. ಕೊಲಂಬಿಯಾ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟು, ಆರು ದಿನದೊಳಗೆ ಮುಂಬಯಿಗೆ ಬಂದಿಳಿದರೆ ಪ್ರಮಾಣಪತ್ರ ಕೇಳುತ್ತಾರೆ; ಇಲ್ಲದವರನ್ನು ಕ್ವಾರಂಟೈನ್‌ನಲ್ಲಿ ಇಡಬಹುದು. ಪೆರು ಕೂಡ ಅದೇ ಪಟ್ಟಿಯಲ್ಲಿದೆಯೆಂದು ಡೊಂಬಿವಲಿಯವರೂ ಗಮನಿಸಿ. ಚುಚ್ಚುಮದ್ದು ಹಾಕಿಸಿದ 10 ದಿನದ ನಂತರ ಪತ್ರ ಜಾರಿಗೆ ಬರುತ್ತದೆ, ಬಳಿಕ ಜೀವನಪರ್ಯಂತ ಸಲ್ಲುತ್ತದೆ. ಮುಂಬಯಿಯಲ್ಲಿ ವಿಮಾನ ನಿಲ್ದಾಣ ಮತ್ತು ಬಂದರು ಆರೋಗ್ಯ ಕಚೇರಿಗಳು, ಗೋವಾದಲ್ಲಿ ಮುರ್ಗಾಂವ್ ಬಂದರು ಆರೋಗ್ಯ ಕಚೇರಿ ಇದನ್ನು ಕೊಡುತ್ತವೆ. ತೆರೆದ ಸೀಸೆಯನ್ನು ಕೆಲವೇ ಗಂಟೆಗಳಲ್ಲಿ ಮುಗಿಸಬೇಕಾದ್ದರಿಂದ ನಿಗದಿತ ದಿನಗಳಲ್ಲೇ ಹಾಕುತ್ತಾರೆ, ಮೊದಲೇ ಸರದಿ ಕಾಯ್ದಿರಿಸಿ. 60 ದಾಟಿದವರಿಗೆ ಅಡ್ಡಪರಿಣಾಮ ಹೆಚ್ಚು, ಮೊಟ್ಟೆಯ ಅಲರ್ಜಿ ಇದ್ದವರಿಗೂ ಎಚ್ಚರ ಬೇಕು. ತಂದೆಯವರ ವೈದ್ಯರಿಂದ ಚೀಟಿ ಪಡೆದೇ ಹೋಗಿ.