ಗ್ರೂಪಿಗೆ ಹಾಕುವ ಮೊದಲು ಅಮ್ಮನಿಗೆ ಹೇಳಿ

"ಮೇಡಂ, ನಾನು ಒಂದು ವೀಕೆಂಡೂ ಸುಮ್ನೆ ಮನೇಲಿ ಕೂರಲ್ಲ. ಎಲ್ಲರಿಗೂ ಟೈಮ್ ಕೊಡ್ತೀನಿ. ಆದ್ರೂ ಎಲ್ಲರಿಗೂ ನನ್ನ ಮೇಲೆ ಬೇಜಾರು. ನಮ್ಮಮ್ಮ ಅಂತೂ ಮಾತೇ ಬಿಟ್ಟಿದ್ದಾರೆ."

ಹೀಗೆ ಹೇಳಿಕೊಂಡು ನನ್ನ ಹತ್ತಿರ ಸಲಹೆಗೆ ಬಂದವರನ್ನು ಕವಿತಾ ಅಂತ ಕರೆಯೋಣ. ಅದು ಅವರ ಹೆಸರಲ್ಲ. ವಯಸ್ಸು, ಕೆಲಸ, ಇನ್ನೂ ಕೆಲವು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರೂ ಅವರ ತಾಯಿಯೂ ಒಪ್ಪಿದ್ದಾರೆ. ಇಂಥದ್ದೇ ಬೇಜಾರನ್ನು ಹೊತ್ತುಕೊಂಡು ಓಡಾಡುವ ಹೆಣ್ಣುಮಕ್ಕಳು ಈ ಊರಿನಲ್ಲಿ ತುಂಬಾ ಜನ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಕವಿತಾಗೆ 35 ವರ್ಷ. ಬೆಂಗಳೂರಿನ ನಾಗರಬಾವಿ ಕಡೆ ಮನೆ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ, ಮಗ ಎರಡನೇ ಕ್ಲಾಸು. ತಾಯಿ ತುಮಕೂರಿನಲ್ಲಿ ಒಬ್ಬರೇ ಇದ್ದಾರೆ. ತಂದೆ ತೀರಿಕೊಂಡು ಮೂರು ವರ್ಷ ಆಗಿದೆ. ತಾಯಿ "ಮಾತು ಬಿಟ್ಟಿದ್ದಾರೆ" ಅಂದರೆ ಪೂರ್ತಿ ಬಿಟ್ಟಿಲ್ಲ. ದಿನಾ ಸಂಜೆ ಕವಿತಾ ಫೋನ್ ಮಾಡಿದರೆ ತೆಗೆಯುತ್ತಾರೆ. "ಹೂಂ. ಊಟ ಆಯ್ತು. ಮಗು ಮಲಗ್ತಾ? ಸರಿ, ಇಡ್ತೀನಿ." ಅಷ್ಟೇ. ಎರಡು ತಿಂಗಳಿಂದ ಇದೇ ನಡೆಯುತ್ತಿತ್ತು.

ಎರಡು ತಿಂಗಳ ಹಿಂದೆ ಏನಾಯ್ತು ಅಂತ ಕೇಳಿದೆ. ಫ್ಲಾಟ್ ತಗೊಂಡಿದ್ದರು. ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಆದದ್ದು ಒಂದು ಗುರುವಾರ. ಇಂಥ ಸುದ್ದಿಯನ್ನು ಫೋನಿನಲ್ಲಿ ಹೇಳುವುದು ಬೇಡ, ಭಾನುವಾರ ತುಮಕೂರಿಗೆ ಹೋಗಿ ಅಮ್ಮನ ಕೈಗೆ ಪೇಡಾ ಕೊಟ್ಟೇ ಹೇಳೋಣ ಅಂತ ಕವಿತಾಗೆ ಆಸೆ. ಆದರೆ ಗುರುವಾರ ರಾತ್ರಿಯೇ ಮೈದುನ ಅವರ ಮನೆಯ ಗ್ರೂಪಿನಲ್ಲಿ ಫೋಟೊ ಹಾಕಿ ಕಂಗ್ರಾಟ್ಸ್ ಅಂದ. ಅಲ್ಲಿಂದ ಅದು ಹೇಗೋ ಕವಿತಾ ಕಡೆಯ ಗ್ರೂಪಿಗೆ ಬಂತು. ಚಿಕ್ಕಮ್ಮ ತಕ್ಷಣ ಅಕ್ಕನಿಗೆ ಫೋನ್ ಮಾಡಿದರು: "ಏನಕ್ಕಾ, ಮಗಳು ಮನೆ ತಗೊಂಡ್ಲಂತೆ, ನಮಗೊಂದು ಮಾತೂ ಹೇಳಲಿಲ್ವಲ್ಲ?"

ಆ ತಾಯಿ ಏನು ಹೇಳಿದರು ಗೊತ್ತಾ? "ಹೌದು ಕಣೇ, ನನಗೆ ನಿನ್ನೇನೇ ಹೇಳಿದ್ಲು. ನಾನೇ ನಿಂಗೆ ಹೇಳೋಕೆ ಮರೆತೆ."

ಇದನ್ನು ಕವಿತಾ ನನಗೆ ಹೇಳಿದ್ದು ಎಷ್ಟೋ ದಿನಗಳ ನಂತರ. ಮೊದಲ ಸಲ ಬಂದಾಗ ಅವರಿಗೇ ಇದು ಗೊತ್ತಿರಲಿಲ್ಲ. ಅವರು ನೋಡಿದ್ದು ಇಷ್ಟು: ಭಾನುವಾರ ಪೇಡಾ ತಗೊಂಡು ಹೋದರು, ಅಮ್ಮ ಡಬ್ಬಿಯನ್ನು ದೇವರ ಮುಂದೆ ಇಟ್ಟು "ಒಳ್ಳೇದಾಯ್ತು" ಅಂದು ಅಡುಗೆಮನೆಗೆ ಹೋದರು. ಡಬ್ಬಿ ಬಿಚ್ಚಲಿಲ್ಲ.

"ಮೂರೇ ದಿನ ಲೇಟು ಮೇಡಂ, ಅದಕ್ಕೆ ಇಷ್ಟಾ?" ಅಂದರು ಕವಿತಾ. ದೂರದಿಂದ ನೋಡುವವರಿಗೆ ಇದು ಸಣ್ಣದೇ. ಆದರೆ ಒಬ್ಬರೇ ಇರುವ ತಾಯಿಗೆ ಮಗಳ ಸುದ್ದಿ ಮೊದಲು ತನಗೆ ಬರುತ್ತದೆ ಅನ್ನುವುದೇ ದೊಡ್ಡ ಸ್ಥಾನ. ಅದು ಹೋಯಿತು ಅಂತ ಅನಿಸಿದರೆ ಜಗಳ ಆಡಲೂ ಆಗುವುದಿಲ್ಲ. ಏನಂತ ಜಗಳ ಆಡುವುದು? ಮನೆ ಯಾಕೆ ತಗೊಂಡೆ ಅಂತಾನಾ?

ನಾನು ಕವಿತಾಗೆ ಫೋನ್ ತೆಗೆದು ಹಿಂದಿನ ಕೆಲವು ವಾರಾಂತ್ಯಗಳ ಫೋಟೊಗಳನ್ನು ತೋರಿಸಿ ಅಂದೆ. ಮಾತಿನಲ್ಲಿ ಹೇಳಿದರೆ ನಾವೆಲ್ಲ "ತುಂಬಾ ಬಿಜಿ" ಅಂತ ಮುಗಿಸಿಬಿಡುತ್ತೇವೆ. ಫೋಟೊಗಳು ಹಾಗೆ ಬಿಡುವುದಿಲ್ಲ.

ಒಂದು ಶನಿವಾರ ನಂದಿಬೆಟ್ಟ. ಗಂಡನ ಕಾಲೇಜು ಸ್ನೇಹಿತರ ಗುಂಪು. ಬೆಂಗಳೂರಿಂದ ಇರುವುದೇ 60 ಕಿಲೋಮೀಟರ್ ಆಸುಪಾಸು, ಆದರೂ ವಾರಾಂತ್ಯದ ರಷ್ ತಪ್ಪಿಸಬೇಕು ಅಂತ ಬೆಳಗಿನ ಜಾವ ಮೂರೂವರೆಗೆ ಹೊರಟರು. ಬೆಟ್ಟದ ಬುಡದಲ್ಲಿ ಕಾರುಗಳ ಸಾಲು, ಮೇಲೆ ಹೋಗುವಷ್ಟರಲ್ಲಿ ಸೂರ್ಯ ನೆತ್ತಿಗೆ ಬರುತ್ತಿದ್ದ. ವಾಪಸ್ ಬಂದು ಮಧ್ಯಾಹ್ನ ಪೂರ್ತಿ ನಿದ್ದೆ. ಮಾರನೇ ದಿನ ಭಾನುವಾರ ರಾಜಾಜಿನಗರದ ಅತ್ತೆ ಮನೆಯಲ್ಲಿ ಊಟ. ಇನ್ನೊಂದು ವಾರ ಮಗನ ಕ್ಲಾಸಿನವರ ಬರ್ತ್‌ಡೇ, ಅದಾದ ಮೇಲೆ ಸಹೋದ್ಯೋಗಿಯ ಸೀಮಂತ. ಆಮೇಲೊಂದು ಭಾನುವಾರ ಅಮ್ಮನನ್ನೇ ಬೆಂಗಳೂರಿಗೆ ಕರೆಸಿ ಮಾಲ್‌ಗೆ ಕರೆದುಕೊಂಡು ಹೋಗಿದ್ದರು.

ಆ ಮಾಲ್ ಫೋಟೊದ ಮೇಲೆ ನಾನು ಬೆರಳಿಟ್ಟೆ. ಎಸ್ಕಲೇಟರ್ ಪಕ್ಕ ತಾಯಿ ನಿಂತಿದ್ದಾರೆ. ಒಂದು ಕೈಯಲ್ಲಿ ಕಂಬಿ ಹಿಡಿದಿದ್ದಾರೆ, ಇನ್ನೊಂದು ಕೈಯಲ್ಲಿ ವ್ಯಾನಿಟಿ ಬ್ಯಾಗನ್ನು ಹೊಟ್ಟೆಗೆ ಒತ್ತಿಕೊಂಡಿದ್ದಾರೆ. ನಗುತ್ತಿದ್ದಾರೆ, ಆದರೆ ಕಣ್ಣು ಕಾಲ ಕೆಳಗಿನ ಮೆಟ್ಟಿಲ ಮೇಲಿದೆ.

"ಅವತ್ತು ಅಮ್ಮನ ಜತೆ ಏನು ಮಾತಾಡಿದ್ರಿ?"

ಕವಿತಾ ತುಂಬಾ ಹೊತ್ತು ಯೋಚಿಸಿದರು. "ನಿಧಾನ ಅಮ್ಮ. ಈ ಕಡೆ ಬಾ. ಐಸ್‌ಕ್ರೀಂ ತಿಂತೀಯಾ?... ಇಷ್ಟೇ ನೆನಪಿರೋದು ಮೇಡಂ."

ನಾನು ಸುತ್ತಾಟದ ವಿರೋಧಿ ಅಲ್ಲ. ವಾರವಿಡೀ ಟ್ರಾಫಿಕ್ಕಿನಲ್ಲಿ ಅರ್ಧ ಜೀವ ಕಳೆಯುವವರಿಗೆ ಹೊರಗೆ ಹೋಗಿ ನಾಲ್ಕು ಜನರ ಜತೆ ನಕ್ಕು ಬರುವುದು ಬೇಕೇ ಬೇಕು. ಆದರೆ ಇಂಥ ದಿನಗಳಲ್ಲಿ ಕೆಲಸವೇ ಜಾಸ್ತಿ ಅಲ್ವಾ? ಪಾರ್ಕಿಂಗ್ ಹುಡುಕಬೇಕು, ಹೋಟೆಲಿನಲ್ಲಿ ಟೇಬಲ್‌ಗೆ ಕಾಯಬೇಕು, ಮಗುವಿನ ಹಿಂದೆ ಓಡಬೇಕು, ಬಿಲ್ಲು ಯಾರು ಕೊಡೋದು ಅಂತ ಎಳೆದಾಡಬೇಕು, ಮಧ್ಯೆ ಸ್ಟೇಟಸ್ಸಿಗೆ ಫೋಟೊ ತೆಗೆಯಬೇಕು. ಮಾತಿಗೆ ಅಂತ ಉಳಿಯುವುದು ಚೂರೇ ಚೂರು. ಕವಿತಾ ಅಮ್ಮನಿಗೆ ಇಡೀ ದಿನ ಕೊಟ್ಟಿದ್ದು ನಿಜ. ಆ ದಿನದಲ್ಲಿ ಅಮ್ಮನ ಪಾಲಿಗೆ ಮಗಳು ಸಿಕ್ಕಿರಲಿಲ್ಲ.

ಕವಿತಾ ಒಪ್ಪಿದ ಮೇಲೆ ಅವರ ತಾಯಿಯ ಜತೆಗೂ ಫೋನಿನಲ್ಲಿ ಮಾತಾಡಿದೆ. ಮೊದಲು ನಿದ್ದೆ, ಊಟ, ಮನೆಗೆಲಸ, ದೇವಸ್ಥಾನ, ಅಕ್ಕಪಕ್ಕದವರ ಜತೆ ಒಡನಾಟ ಇದನ್ನೆಲ್ಲ ವಿಚಾರಿಸಿದೆ. ವಯಸ್ಸಾದವರು ಮಾತು ಕಮ್ಮಿ ಮಾಡಿದಾಗ ಅದನ್ನು ಬರೀ ಮುನಿಸು ಅಂತ ತಳ್ಳಿಹಾಕಬಾರದು. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಇಷ್ಟದ ಕೆಲಸದಲ್ಲೂ ಮನಸ್ಸಿಲ್ಲದಿದ್ದರೆ, "ನಾನಿದ್ದು ಏನು" ಅನ್ನುವ ಮಾತು ಬಂದರೆ ಡಾಕ್ಟರಿಗೆ ತೋರಿಸಲೇಬೇಕು. ಯಾರಿಗೆ ತೋರಿಸುವುದು ಅಂತ ಗೊತ್ತಾಗದಿದ್ದರೆ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಉಚಿತ ಸಹಾಯವಾಣಿ ಇದು. ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇವರಿಗೆ ಆ ಮಟ್ಟದ ತೊಂದರೆ ಇರಲಿಲ್ಲ. ಭಜನೆಗೆ ಹೋಗುತ್ತಿದ್ದರು, ಪಕ್ಕದ ಮನೆಯವರ ಜತೆ ಹರಟುತ್ತಿದ್ದರು. ಭಾನುವಾರ ಸಂಜೆ ಮಾತ್ರ ಕಷ್ಟ ಅಂದರು. ಗಂಡ ಇದ್ದಾಗ ಅವತ್ತು ಸಂಜೆ ಇಬ್ಬರೂ ವಾಕಿಂಗ್ ಹೋಗುತ್ತಿದ್ದರಂತೆ. ಈಗ ಅದೇ ಹೊತ್ತಿಗೆ ಮಗಳ ಸ್ಟೇಟಸ್ ನೋಡುತ್ತಾರೆ.

ಆಮೇಲೆ ಇನ್ನೊಂದು ವಿಷಯ ಹೇಳಿದರು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಿ ಅಂತ ಡಾಕ್ಟರ್ ಹೇಳಿ ಎಷ್ಟೋ ದಿನ ಆಗಿತ್ತು. ತೋರಿಸಲು ಜತೆಗೆ ಹೋದದ್ದು ಪಕ್ಕದ ಮನೆಯವರು. ಮಗಳಿಗೆ ಗೊತ್ತೇ ಇಲ್ಲ.

"ಅವಳಿಗೆ ಇರೋದೇ ಎರಡು ದಿನ ರಜ ಕಣಮ್ಮ. ಆಸ್ಪತ್ರೆ ಅಂತ ಅದನ್ನೂ ನಾನು ತಿನ್ಲಾ?"

ಮಾಲ್‌ನಲ್ಲಿ ಆ ಕಣ್ಣು ಯಾಕೆ ಮೆಟ್ಟಿಲ ಮೇಲಿತ್ತು ಅಂತ ನನಗೆ ಆಗ ತಿಳಿಯಿತು. ಇಬ್ಬರದೂ ಒಂದೇ ಕಥೆ. ಮಗಳು ಒಳ್ಳೇ ಸುದ್ದಿಯನ್ನು ಒಳ್ಳೇ ಗಳಿಗೆಗೆ ಅಂತ ಕಾದಿಟ್ಟಳು, ತಾಯಿ ಕೆಟ್ಟ ಸುದ್ದಿಯನ್ನು ಮಗಳ ರಜ ಉಳಿಸೋಕೆ ಅಂತ ಮುಚ್ಚಿಟ್ಟರು. ಇಬ್ಬರ ಮಧ್ಯೆ ಓಡಾಡುತ್ತಿದ್ದದ್ದು ಊಟ ಆಯ್ತಾ, ಮಗು ಮಲಗ್ತಾ ಮತ್ತು ಸ್ಟೇಟಸ್ ಫೋಟೊ, ಅಷ್ಟೇ. ಪ್ರೀತಿ ಇಲ್ಲದ ಕಡೆ ಹೀಗಾಗುವುದಿಲ್ಲ. ಪ್ರೀತಿ ಇರುವ ಕಡೆಯೇ ಜಾಸ್ತಿ ಆಗುತ್ತದೆ, ಅದಕ್ಕೇ ಇದನ್ನು ನೋಡಿದರೆ ನನಗೆ ಸಂಕಟ.

ಕಣ್ಣಿನ ವಿಷಯ ನಾನು ಕವಿತಾಗೆ ಹೇಳಲಿಲ್ಲ. ಅದು ತಾಯಿಯ ಗುಟ್ಟು, ಅವರೇ ಹೇಳಬೇಕು. "ಅಮ್ಮ, ಇದನ್ನು ನೀವೇ ಮಗಳಿಗೆ ಹೇಳಿ. ಬೇರೆಯವರ ಬಾಯಿಂದ ಗೊತ್ತಾದರೆ ನಿಮಗೆ ಆದದ್ದೇ ಅವಳಿಗೂ ಆಗುತ್ತೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹೌದಲ್ವಾ" ಅಂದರು. ಅವರಿಗೆ ಇನ್ನೂ ಒಂದು ಮಾತು ಹೇಳಿದೆ. "ಬಿಡುವಿದ್ರೆ ಬಾ" ಅಂತ ಕರೆಯಬೇಡಿ, ಬಿಡುವು ಯಾರಿಗೂ ಇರುವುದಿಲ್ಲ. ಯಾವ ದಿನ, ಯಾವ ಕೆಲಸಕ್ಕೆ ಅಂತ ಬಾಯಿಬಿಟ್ಟು ಕರೆಯಿರಿ. ಮಗಳು ಆಗಲ್ಲ ಅಂದರೆ ಅನ್ನಲಿ, ಕರೆಯುವುದನ್ನು ಬಿಡಬೇಡಿ.

ಕವಿತಾಗೆ ಕೊಟ್ಟ ಸಲಹೆ ಹೀಗಿತ್ತು.

ಮೊದಲನೆಯದು ಕ್ಷಮೆ. "ಅಮ್ಮ, ಮನೆ ವಿಷಯ ನಿನಗೆ ಮೊದಲು ಹೇಳಬೇಕಿತ್ತು. ಹೇಳಲಿಲ್ಲ. ತಪ್ಪಾಯ್ತು." ಇಷ್ಟು ಹೇಳಿ ನಿಲ್ಲಿಸಿ ಅಂದೆ. "ಆದ್ರೆ ನಾನು ಬರಬೇಕು ಅಂತಿದ್ದೆ, ಅಷ್ಟರಲ್ಲಿ ಮೈದುನ..." ಅಂತ ಮುಂದುವರಿಸಿದರೆ ಅದು ಕ್ಷಮೆ ಅಲ್ಲ, ವಾದ. ಅಮ್ಮ ಕೇಳಿದರೆ ಮಾತ್ರ ಕಾರಣ ಹೇಳಿ. ಕವಿತಾಗೆ ಇದು ಕಷ್ಟವಾಯಿತು. "ನನ್ನ ತಪ್ಪೇ ಇಲ್ವಲ್ಲ ಮೇಡಂ" ಅಂದರು. ತಪ್ಪು ಯಾರದು ಅಂತ ತೀರ್ಮಾನ ಮಾಡಲು ಕೂತರೆ ಇನ್ನೂ ಎರಡು ತಿಂಗಳು ಹೋಗುತ್ತದೆ. ನೋವಾದದ್ದು ಅಮ್ಮನಿಗೆ, ಅದಂತೂ ನಿಜ ತಾನೇ?

ಎರಡನೆಯದು ಸುದ್ದಿ ಹೇಳುವ ಸರದಿ. ಮನೆ, ಕೆಲಸ ಬದಲಾವಣೆ, ಬಸುರಿ ಅಂತ ಗೊತ್ತಾದದ್ದು, ಕಾಯಿಲೆ, ವಿದೇಶಕ್ಕೆ ಹೋಗುವುದು: ಇಂಥವನ್ನು ನಿಮ್ಮ ಬಾಯಿಂದಲೇ ಕೇಳಬೇಕಾದವರು ನಾಲ್ಕೈದು ಜನ ಇರುತ್ತಾರೆ. ಯಾರು ಅಂತ ಈಗಲೇ ಗಂಡ ಹೆಂಡತಿ ಕೂತು ಮಾತಾಡಿಕೊಳ್ಳಿ. ಅವರಿಗೆಲ್ಲ ಹೇಳಿ ಆಗುವವರೆಗೆ ಯಾವ ಗ್ರೂಪಿಗೂ ಹಾಕಬೇಡಿ ಅಂತ ಮನೆಯವರಿಗೂ ಮೈದುನನಿಗೂ ನೇರವಾಗಿ ಹೇಳಿ. ಮತ್ತೆ, ಪೇಡಾ ತಗೊಂಡು ಹೋಗುವ ಭಾನುವಾರಕ್ಕೆ ಕಾಯಬೇಡಿ. ಅಗ್ರಿಮೆಂಟ್ ಆದ ಜಾಗದಿಂದಲೇ ಎರಡು ನಿಮಿಷ ಫೋನ್ ಮಾಡಿದರೆ ಸಾಕು. ಪೇಡಾ ಆಮೇಲೆ ಕೊಟ್ಟರೂ ಅಷ್ಟೇ ಸಿಹಿ.

ಮೂರನೆಯದಕ್ಕೆ ಅವರು ಹುಬ್ಬೇರಿಸಿದರು. ತಿಂಗಳಿಗೆ ಒಂದು ಭಾನುವಾರ ತುಮಕೂರಿಗೆ ಒಬ್ಬರೇ ಹೋಗಿ, ಎಲ್ಲಿಗೂ ಸುತ್ತಾಡಲು ಹೋಗಬೇಡಿ, ಅಮ್ಮನ ಜತೆ ಮನೆಗೆಲಸ ಮಾಡಿ. 70 ಕಿಲೋಮೀಟರ್ ದಾರಿ, ರೈಲು ಇದೆ, ಬಸ್ಸು ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚೂ ಇಲ್ಲ. "ಮಗನ್ನ ಬಿಟ್ಟು ಹೋದ್ರೆ ಅಮ್ಮ ಬೇಜಾರು ಮಾಡ್ಕೊಳ್ತಾರೆ" ಅಂದರು. ಮೊಮ್ಮಗ ಇದ್ದರೆ ಎಲ್ಲರ ಕಣ್ಣೂ ಅವನ ಮೇಲೇ ಇರುತ್ತದೆ. ಅವನನ್ನು ಬೇರೆ ವಾರ ಕರೆದುಕೊಂಡು ಹೋಗಿ. ಈ ಒಂದು ದಿನ ನೀವು ಬರೀ ಮಗಳಾಗಿ ಹೋಗಿ ಅಂದೆ.

ಕೆಲಸ ತಾನಾಗಿ ಒದಗಿ ಬಂತು. ಹುಣಸೆಹಣ್ಣಿನ ಕಾಲ. ತುಮಕೂರು ಹುಣಸೆಹಣ್ಣಿನ ದೊಡ್ಡ ಮಾರುಕಟ್ಟೆ, ಆ ಕಡೆಯ ಮನೆಗಳಲ್ಲಿ ಬೇಸಿಗೆ ಶುರುವಾಗುವಾಗ ವರ್ಷಕ್ಕಾಗುವಷ್ಟು ತಂದು ತುಂಬಿಡುವುದು ರೂಢಿ. ಈ ಸಲ ತಾಯಿಯೇ ಫೋನ್ ಮಾಡಿದರು: "ಭಾನುವಾರ ಬಾರೇ, ಹುಣಸೆಹಣ್ಣು ಕುಟ್ಟೋದಿದೆ. ಬೀಜ ನಂಗೆ ಸರಿಯಾಗಿ ಕಾಣ್ಸಲ್ಲ."

ಕವಿತಾ ಹೋದರು. ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ಕಟ್ಟಿಸಿಕೊಂಡರು. ಹಿತ್ತಲಲ್ಲಿ ಗೋಣಿಚೀಲ ಹಾಸಿ ಇಬ್ಬರೂ ಕೂತರು. ಅಮ್ಮ ಕುಟ್ಟುವುದು, ಮಗಳು ಬೀಜ, ನಾರು ತೆಗೆಯುವುದು. ಕೈಯೆಲ್ಲ ಅಂಟು, ಹಾಗಾಗಿ ಫೋನ್ ಮುಟ್ಟುವ ಹಾಗೇ ಇರಲಿಲ್ಲ. ಕೈಗೆ ಕೆಲಸ ಇದ್ದರೆ ಮುಖ ನೋಡದೆ ಮಾತಾಡಬಹುದು. ಕಷ್ಟದ ಮಾತಿಗೆ ಅದು ದೊಡ್ಡ ಅನುಕೂಲ, ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

"ಬೀಜ ಕಾಣ್ಸಲ್ಲ ಅಂದ್ಯಲ್ಲ, ಯಾಕೆ?" ಅಂತ ಕೇಳಿದ್ದೇ ತಡ, ಪೊರೆ ವಿಷಯ ಹೊರಗೆ ಬಂತು. ಕವಿತಾಗೆ ಸಿಟ್ಟು ನೆತ್ತಿಗೇರಿತು. "ಪಕ್ಕದ್ಮನೆ ಆಂಟಿಗೆ ಗೊತ್ತು, ನಂಗೆ ಗೊತ್ತಿಲ್ವಾ?" ಅಂತ ಕೂಗಿದರಂತೆ. ತಾಯಿ ಕುಟ್ಟುವುದನ್ನು ನಿಲ್ಲಿಸದೆ "ನಂಗೂ ಹಾಗೇ ಆಯ್ತು ಕಣೇ ಅವತ್ತು" ಅಂದರು. ಚಿಕ್ಕಮ್ಮನಿಗೆ ಸುಳ್ಳು ಹೇಳಿದ್ದು ಆಗಲೇ ಗೊತ್ತಾದದ್ದು. ಇಬ್ಬರೂ ಅತ್ತರು. ಕಲಿಸಿಕೊಟ್ಟ ಕ್ಷಮೆಯ ಮಾತು ಒಂದೂ ನೆನಪಾಗಲಿಲ್ಲ ಅಂದರು ಕವಿತಾ. "ತಪ್ಪಾಯ್ತಮ್ಮ" ಅಂದದ್ದಷ್ಟೇ. ಅದು ಸಾಕಾಗಿತ್ತು.

ಆಪರೇಷನ್‌ಗೆ ಕವಿತಾ ವಾರದ ಮಧ್ಯೆ ರಜೆ ಹಾಕಿದರು. ಪೊರೆಯ ಆಪರೇಷನ್ ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುವಂಥದ್ದು, ಆದರೆ ಆಮೇಲೆ ವಾರಗಟ್ಟಲೆ ಹೊತ್ತುಹೊತ್ತಿಗೆ ಕಣ್ಣಿಗೆ ಡ್ರಾಪ್ಸ್ ಹಾಕಬೇಕು. ಮೊದಲ ಕೆಲವು ದಿನ ತಾಯಿ ಬೆಂಗಳೂರಿನಲ್ಲೇ ಇದ್ದರು. ಒಂದು ಕಣ್ಣು ಆಗಿದೆ, ಇನ್ನೊಂದು ಬಾಕಿ ಇದೆ.

ಸ್ನೇಹಿತರ ಗುಂಪಿನ ವಿಷಯ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಎಲ್ಲದಕ್ಕೂ ಹೂಂ ಅಂದು ಶುಕ್ರವಾರ ರಾತ್ರಿ ತಲೆನೋವು ಅಂತ ತಪ್ಪಿಸಿಕೊಳ್ಳುವುದು ಕವಿತಾಗೆ ಅಭ್ಯಾಸವಾಗಿತ್ತು. ಬುಧವಾರವೇ "ಈ ಸಲ ನಾನು ಬರಲ್ಲ, ನೀವೆಲ್ಲ ಹೋಗಿ ಬನ್ನಿ" ಅಂತ ಹೇಳಿ, ಕಾರಣ ಕೊಡಬೇಡಿ ಅಂದೆ. ಸುಳ್ಳು ನೆಪ ಹೇಳಿದರೆ ಮುಂದಿನ ಸಲಕ್ಕೆ ಇನ್ನೊಂದು ನೆಪ ಹುಡುಕಬೇಕು. ಗುಂಪಿನಲ್ಲಿ ಒಬ್ಬಿಬ್ಬರು ಮುನಿಸಿಕೊಂಡಿದ್ದಾರೆ. ಗಂಡ ಈಗ ಕೆಲವು ಸಲ ಒಬ್ಬರೇ ಹೋಗುತ್ತಾರೆ. ಮೊದಲಿಗೆ ಅವರಿಗೂ ಇದು ಸರಿಬಂದಿರಲಿಲ್ಲ.

ಈಗ ಹೊಸದಾಗಿ ಎದ್ದಿರುವುದು ಅತ್ತೆಯ ಮಾತು: "ನಮ್ಮನೆಗೆ ಬರೋದು ಕಮ್ಮಿ ಆಯ್ತಲ್ಲ." ಇದಕ್ಕೆ ಕವಿತಾ ಉತ್ತರ ಕೊಡುವುದು ಬೇಡ, ಮಗನೇ ತನ್ನ ತಾಯಿಗೆ ಹೇಳಲಿ ಅಂದಿದ್ದೇನೆ. ಸೊಸೆ ಹೇಳಿದರೆ ಅದು ದೂರಿನ ಹಾಗೆ ಕೇಳಿಸುತ್ತದೆ. ಸದ್ಯಕ್ಕೆ ಒಪ್ಪಂದ ಹೀಗಿದೆ: ಕವಿತಾ ತುಮಕೂರಿಗೆ ಹೋಗುವ ಭಾನುವಾರ ಗಂಡ ಮಗನನ್ನು ಕರೆದುಕೊಂಡು ರಾಜಾಜಿನಗರಕ್ಕೆ ಹೋಗುತ್ತಾರೆ. ಮುಂದಿನ ಸಲ ಕವಿತಾ ನನ್ನ ಹತ್ತಿರ ಬರುವಾಗ ಗಂಡನೂ ಜತೆಗೆ ಬರುತ್ತೇನೆ ಅಂದಿದ್ದಾರೆ. ಅವರಿಗೂ ಹೇಳುವುದು ಇದೆಯಂತೆ.