ಓದುಗರ ಪ್ರಶ್ನೆ: ಓದು, ಕೆಲಸ, ನಿದ್ದೆ

ಪ್ರಶ್ನೆ: ಇಂಜಿನಿಯರಿಂಗ್ ಆರನೇ ಸೆಮಿಸ್ಟರ್, ಹಾಸ್ಟೆಲ್ ವಾಸ. ಪರೀಕ್ಷೆ ಹತ್ತಿರ ಬಂದರೆ ರಾತ್ರಿ ಮೂರರವರೆಗೆ ಓದುತ್ತೇನೆ, ಐದಾರು ಲೋಟ ಕಾಫಿ ಆಗುತ್ತದೆ. ಭಾನುವಾರ ಏಳುವುದು ಮಧ್ಯಾಹ್ನವೇ. ಆದರೂ ಕ್ಲಾಸಿನಲ್ಲಿ ತೂಕಡಿಕೆ, ಓದಿದ್ದು ಪರೀಕ್ಷೆಯಲ್ಲಿ ನೆನಪಿಗೆ ಬರುವುದಿಲ್ಲ. ಏನು ಮಾಡಲಿ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಮೊದಲು ಕಾಫಿ ಲೆಕ್ಕ ಹಾಕೋಣ. 150 ಮಿ.ಲೀ. ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ ಕೆಫೀನ್ ಇರುತ್ತದೆ. ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65. ದಿನಕ್ಕೆ 300 ಮಿ.ಗ್ರಾಂ ದಾಟಬೇಡಿ ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2024ರ ಆಹಾರ ಮಾರ್ಗಸೂಚಿ. ನಿಮ್ಮದು ಫಿಲ್ಟರ್ ಕಾಫಿಯಾದರೆ ಮೂರನೇ ಅಥವಾ ನಾಲ್ಕನೇ ಲೋಟಕ್ಕೇ ಆ ಗಡಿ ಮುಟ್ಟಿರುತ್ತೀರಿ. ಕುಡಿದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಹತ್ತು ಗಂಟೆಯ ಲೋಟದಲ್ಲಿ ಅರ್ಧ, ನೀವು ಮೂರಕ್ಕೆ ಹಾಸಿಗೆಗೆ ಹೋದಾಗಲೂ ರಕ್ತದಲ್ಲೇ ಓಡಾಡುತ್ತಿರುತ್ತದೆ. ಕಣ್ಣು ಮುಚ್ಚಿದರೂ ಗಾಢ ನಿದ್ದೆ ಬಾರದೆ ಇರುವುದಕ್ಕೆ ಇದೇ ಕಾರಣ.

ಕೊನೆಯ ಕಾಫಿ ಮಧ್ಯಾಹ್ನ ಮೂರರೊಳಗೆ ಮುಗಿಯಲಿ. ಒಮ್ಮೆಲೇ ನಿಲ್ಲಿಸಿದರೆ ಮರುದಿನವೇ ತಲೆನೋವು ಶುರುವಾಗುತ್ತದೆ, ಹಾಗಾಗಿ ಎರಡು ಮೂರು ದಿನಕ್ಕೊಂದು ಲೋಟದಂತೆ ಇಳಿಸಿ. ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರವಿರಲಿ; ಊಟದ ಜೊತೆಗೇ ಕುಡಿದರೆ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ರಕ್ತಹೀನತೆ ಇರುವ ಹುಡುಗಿಯರು ಇದನ್ನು ಮರೆಯಬಾರದು.

ಇನ್ನು ನೆನಪಿನ ಮಾತು. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ನಿಮ್ಮ ವಯಸ್ಸಿಗೆ ಏಳರಿಂದ ಒಂಬತ್ತು ಗಂಟೆ ನಿದ್ದೆ ಬೇಕು. ನಾಲ್ಕು ಗಂಟೆ ಮಲಗಿ ಎದ್ದರೆ ಓದಿದ ಶ್ರಮವೇ ವ್ಯರ್ಥ. ಹನ್ನೊಂದಕ್ಕೆ ಪುಸ್ತಕ ಮುಚ್ಚಿ, ಆರೂವರೆಗೆ ಏಳಿ. ಎದ್ದು ಮುಖ ತೊಳೆದ ಮೇಲೆ ನೋಟ್ಸ್ ತೆರೆಯಬೇಡಿ. ಖಾಲಿ ಹಾಳೆಯಲ್ಲಿ ಹದಿನೈದು ನಿಮಿಷ, ರಾತ್ರಿ ಓದಿದ್ದರಲ್ಲಿ ನೆನಪಿರುವಷ್ಟನ್ನು ಬರೆಯಿರಿ: ಸೂತ್ರ, ಚಿತ್ರ, ಹಂತಗಳು. ಎಲ್ಲಿ ಪೆನ್ನು ನಿಂತಿತೋ ಅಲ್ಲಿಂದ ಮಾತ್ರ ಮತ್ತೆ ಓದಿ. ಮೊದಲ ವಾರ ಹಾಳೆ ಅರ್ಧಕ್ಕರ್ಧ ಖಾಲಿ ಉಳಿಯುತ್ತದೆ, ಗಾಬರಿ ಬೇಡ.

ಭಾನುವಾರ ಒಂದು ಗಂಟೆ ತಡವಾಗಿ ಎದ್ದರೆ ಅಡ್ಡಿಯಿಲ್ಲ. ಹನ್ನೆರಡರವರೆಗೆ ಮಲಗಿದರೆ ಅಂದು ರಾತ್ರಿ ನಿದ್ದೆ ಹತ್ತುವುದಿಲ್ಲ, ಸೋಮವಾರ ಮತ್ತದೇ ಹಾಡು. ತಡೆಯಲಾಗದಿದ್ದರೆ ಮಧ್ಯಾಹ್ನ ಮೂರಕ್ಕೆ ಮುಂಚೆ ಅಲಾರಾಂ ಇಟ್ಟು 20 ನಿಮಿಷ ಮಲಗಿ. ಮುಕ್ಕಾಲು ಗಂಟೆ ಮಲಗಿದರೆ ಗಾಢ ನಿದ್ದೆಯ ನಡುವೆ ಎಚ್ಚರವಾಗಿ ತಲೆ ಭಾರವಾಗುತ್ತದೆ. ರೂಮಿನಲ್ಲಿ ಹನ್ನೊಂದಕ್ಕೆ ಲೈಟ್ ಆರಿಸಿ ಎಂದರೆ ಯಾರೂ ಕೇಳುವುದಿಲ್ಲ ಬಿಡಿ. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳಿ.

ಪ್ರಶ್ನೆ: ಸಂಜೆ ಆರೂವರೆಯಿಂದ ಬೆಳಗಿನ ಜಾವ ಮೂರೂವರೆವರೆಗೆ ಶಿಫ್ಟ್. ಮನೆ ಸೇರುವಾಗ ನಾಲ್ಕೂವರೆ. ಒಂಬತ್ತಕ್ಕೆಲ್ಲ ಎಚ್ಚರವಾಗಿಬಿಡುತ್ತದೆ. ಶನಿವಾರ, ಭಾನುವಾರ ಮನೆಯವರ ಜೊತೆಗಿರಬೇಕೆಂದು ರಾತ್ರಿ ಹತ್ತಕ್ಕೇ ಮಲಗುತ್ತೇನೆ. ವರ್ಷದಲ್ಲಿ ತೂಕವೂ ಏರಿದೆ.
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಎಡವಟ್ಟು ಇರುವುದು ವಾರದ ಕೊನೆಯಲ್ಲಿ. ಮಲಗುವ ಹೊತ್ತನ್ನು ಒಮ್ಮೆಲೇ ಏಳು ಗಂಟೆ ಹಿಂದಕ್ಕೆ ತಂದು, ಸೋಮವಾರ ಮತ್ತೆ ಮುಂದಕ್ಕೆ ತಳ್ಳಿದರೆ ದೇಹ ಯಾವುದಕ್ಕೂ ಒಗ್ಗುವುದಿಲ್ಲ. ಶಿಫ್ಟ್ ದಿನಗಳಲ್ಲಿ ಐದರಿಂದ ಹನ್ನೆರಡು ಮಲಗಿ. ರಜೆಯಲ್ಲಿ ರಾತ್ರಿ ಎರಡರಿಂದ ಒಂಬತ್ತೂವರೆ. ಐದರಿಂದ ಒಂಬತ್ತೂವರೆ ಎಂಬ ನಾಲ್ಕೂವರೆ ಗಂಟೆ ಎರಡಕ್ಕೂ ಸಮಾನ. ಅಷ್ಟು ಗಟ್ಟಿಯಾಗಿದ್ದರೆ ಉಳಿದದ್ದು ಹೊಂದಿಕೊಳ್ಳುತ್ತದೆ. ಮಧ್ಯಾಹ್ನ, ಸಂಜೆಯೆಲ್ಲ ಮನೆಯವರಿಗೆ.

ಒಂಬತ್ತಕ್ಕೆ ಎಚ್ಚರವಾಗುವುದು ಬೆಳಕಿಗೆ, ಕಾಲಿಂಗ್ ಬೆಲ್‌ಗೆ. ಕಿಟಕಿಗೆ ದಪ್ಪ ಪರದೆ ಹಾಕಿ, ಅಂಚುಗಳಲ್ಲೂ ಬೆಳಕು ನುಸುಳದಂತೆ. ಪಾರ್ಸೆಲ್‌ಗಳನ್ನು ಸೆಕ್ಯುರಿಟಿ ಹತ್ತಿರ ಇಡಲು ಹೇಳಿ. ಎದ್ದ ಕೂಡಲೇ ಅರ್ಧ ಗಂಟೆ ಬಿಸಿಲಿಗೆ ಬನ್ನಿ.

ತೂಕಕ್ಕೆ ನಡುರಾತ್ರಿಯ ಊಟದ ಪಾಲೂ ಇದ್ದೀತು. ರಾತ್ರಿ ಹೊತ್ತು ದೇಹಕ್ಕೆ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕಡಿಮೆ. ಮುದ್ದೆಯೋ ಚಪಾತಿಯೋ, ಹೊಟ್ಟೆ ತುಂಬುವ ಊಟ ಸಂಜೆ ಐದೂವರೆಗೆ ಆಗಲಿ. ಹನ್ನೊಂದರ ಸುಮಾರಿಗೆ ಎರಡು ಇಡ್ಲಿ ಅಥವಾ ಸ್ವಲ್ಪ ಮೊಸರನ್ನ ಸಾಕು. ಎರಡು ಗಂಟೆಯ ಬಿರಿಯಾನಿ ಆರ್ಡರ್ ಬೇಡ. ಕಾಫಿ ಹನ್ನೊಂದೂವರೆಗೆ ಕೊನೆ. ಕ್ಯಾಬ್ ಬಿಟ್ಟು ಸ್ವಂತ ಬೈಕಿನಲ್ಲಿ ಮಾತ್ರ ಬರಬೇಡಿ. ಆ ಹೊತ್ತಿನಲ್ಲೇ ಮೈ ಅತಿ ಹೆಚ್ಚು ಮಂಪರಿನಲ್ಲಿರುತ್ತದೆ.

ಪ್ರಶ್ನೆ: ಜಿಮ್‌ಗೆ ವರ್ಷದ ದುಡ್ಡು ಕಟ್ಟಿದ್ದೇನೆ, ಹೋಗಲು ಪುರುಸೊತ್ತಿಲ್ಲ.
– ಬ್ಯಾಂಕ್ ನೌಕರೆ, ಮಂಗಳೂರು

ಉತ್ತರ: ದುಡ್ಡಿನ ಚಿಂತೆ ಬಿಡಿ. ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಎರಡು ದಿನ ಬಸ್ಕಿಯಂಥ ಸ್ನಾಯು ವ್ಯಾಯಾಮ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತುಂಡು ತುಂಡಾಗಿ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗ ಸರಿ. ಒಂದು ಸ್ಟಾಪ್ ಮುಂಚೆ ಬಸ್ ಇಳಿಯಿರಿ.

ಪ್ರಶ್ನೆ: ಸದಾ ಸುಸ್ತು. ಇದು ಬರೀ ದಣಿವೋ, ಬೇರೇನಾದರೂ ಇದೆಯೋ ತಿಳಿಯುವುದು ಹೇಗೆ?
– ಶಿವಮೊಗ್ಗ

ಉತ್ತರ: ಚೆನ್ನಾಗಿ ನಿದ್ದೆ ಮಾಡಿಯೂ ಸುಸ್ತು ಹೋಗದಿದ್ದರೆ ವೈದ್ಯರನ್ನು ಕಂಡು ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಪರೀಕ್ಷೆ ಬೇಕೇ ಎಂದು ಕೇಳಿ. ಎರಡು ವಾರದಿಂದ ದಿನದ ಹೆಚ್ಚು ಹೊತ್ತು ಮಂಕು, ಇಷ್ಟದ ಕೆಲಸದಲ್ಲೂ ಆಸಕ್ತಿ ಇಲ್ಲ ಎನ್ನುವಂತಿದ್ದರೆ ಅದು ದಣಿವಲ್ಲ. ಮನೋವೈದ್ಯರ ಹತ್ತಿರ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದಿದ್ದರೆ ಎರಡು ವಾರ ಕಾಯಬೇಡಿ, ಇವತ್ತೇ ಮಾಡಿ.