ಕಾನೂನಿದ್ದರೂ ಥೆರಪಿಗೆ ಕೈಯಿಂದ ದುಡ್ಡು ಯಾಕೆ?

ಅಮೆರಿಕದ 2008ರ ಕಾನೂನು ಮಾನಸಿಕ ಚಿಕಿತ್ಸೆಗೂ ಸಮಾನ ವಿಮೆ ಇರಬೇಕು ಅನ್ನುತ್ತದೆ, ಆದರೂ ಕಂಪನಿ ವಿಮೆಯಲ್ಲಿ ಥೆರಪಿಸ್ಟ್ ಸಿಗುತ್ತಿಲ್ಲ, ಇದು ತಪ್ಪಲ್ವಾ ಎಂದು ಕೇಳಿದ್ದೀರಿ. ತಪ್ಪಿರಬಹುದು. ಆದರೆ ಅಷ್ಟರಿಂದಲೇ ಕಾನೂನು ಮುರಿದಂತೆ ಆಗುವುದಿಲ್ಲ.

ಮಾನಸಿಕ ಚಿಕಿತ್ಸೆಗೆ ವಿಮೆ ಕೊಡಲೇಬೇಕು ಎಂದು ಆ ಕಾನೂನು ಹೇಳುವುದಿಲ್ಲ. ಕೊಟ್ಟರೆ ದೇಹದ ಕಾಯಿಲೆಗಿಂತ ಕಠಿಣ ನಿಯಮ ಇಡಬೇಡಿ ಅನ್ನುತ್ತದೆ, ಅಷ್ಟೇ. ಕೋಪೇ (ಪ್ರತಿ ಭೇಟಿಗೆ ನಿಮ್ಮ ಕೈಯಿಂದ ಕೊಡುವ ಪಾಲು), ವರ್ಷಕ್ಕೆ ಎಷ್ಟು ಭೇಟಿ ಎಂಬುದೆಲ್ಲ ಲೆಕ್ಕಕ್ಕೆ ಸಿಗುತ್ತದೆ, ಹಾಗಾಗಿ ಅಲ್ಲಿ ಮೋಸ ಮಾಡುವುದು ಕಷ್ಟ. ಜಗಳ ಇರುವುದು ಲೆಕ್ಕಕ್ಕೆ ಸಿಗದ ಕಡೆ. ಮೊದಲೇ ಅನುಮತಿ ತಗೊಳ್ಳಿ ಅನ್ನುವುದು, 'ವೈದ್ಯಕೀಯವಾಗಿ ಅಗತ್ಯವಿಲ್ಲ' ಎಂಬ ಉತ್ತರ, ಹೆಸರಿಗಷ್ಟೇ ಇರುವ ನೆಟ್‌ವರ್ಕ್ ಪಟ್ಟಿ, ಅಂದರೆ ವಿಮೆಯ ಜೊತೆ ದರ ಒಪ್ಪಿಕೊಂಡಿರುವ ಥೆರಪಿಸ್ಟ್‌ಗಳ ಪಟ್ಟಿ. ಫೋನ್ ಮಾಡಿದರೆ ಹೊಸಬರನ್ನು ತಗೊಳ್ಳುವುದಿಲ್ಲ ಅನ್ನುತ್ತಾರೆ. ವಿಮೆ ಕೊಡುವ ದರ ಕಡಿಮೆ ಎಂದು ಎಷ್ಟೋ ಥೆರಪಿಸ್ಟ್‌ಗಳು ನೆಟ್‌ವರ್ಕ್‌ಗೇ ಸೇರುವುದಿಲ್ಲ. ಸೇರಿ ಎಂದು ಯಾವ ಕಾನೂನೂ ಅವರನ್ನು ಒತ್ತಾಯ ಮಾಡುವುದಿಲ್ಲ.

ಲೆಕ್ಕಕ್ಕೆ ಸಿಗದ ಇಂಥ ನಿಯಮಗಳನ್ನು ದೇಹದ ಕಾಯಿಲೆಗೂ ಮಾನಸಿಕ ಕಾಯಿಲೆಗೂ ಒಂದೇ ಥರ ಹಾಕಿದ್ದೇವೆ ಎಂದು ತೋರಿಸುವ ಹೋಲಿಕೆ ವರದಿಯನ್ನು 2021ರಿಂದ ವಿಮಾ ಯೋಜನೆಗಳು ಬರೆದಿಡಬೇಕು. ನಿಮ್ಮದು ಕಂಪನಿ ಯೋಜನೆ ತಾನೇ? ಅದನ್ನು ಬರವಣಿಗೆಯಲ್ಲಿ ಕೇಳಿ. ಹತ್ತಿರದಲ್ಲಿ ಯಾರೂ ಸಿಗುತ್ತಿಲ್ಲವಾದರೆ, ಹೊರಗಿನ ಥೆರಪಿಸ್ಟ್‌ಗೂ ನೆಟ್‌ವರ್ಕ್ ದರವನ್ನೇ ಹಾಕಿ ಎಂದು ವಿನಾಯಿತಿ ಕೇಳಿ. ಯಾರಿಗೆ, ಯಾವತ್ತು ಫೋನ್ ಮಾಡಿದಿರಿ ಎಂಬ ಪಟ್ಟಿ ಜೊತೆಗಿರಲಿ, ಸುಮ್ನೆ ಬಾಯಿ ಮಾತು ಸಾಲದು. ಆಗಲ್ಲ ಅಂದರೆ ಅಪೀಲು ಹಾಕಿ. ಅದಕ್ಕೂ ಬಗ್ಗದಿದ್ದರೆ ಅಲ್ಲಿನ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು.